ಮೇಲಿನಿಂದ ಕೆಳಕ್ಕೆ ಅಳೆದ ಮನೆ

ಇಂಗ್ಲೆಂಡಿನ ಬಾತ್ ನಗರದ ಮಿಲ್ಸಮ್ ಬೀದಿಯಲ್ಲಿ ಅಂಗಡಿಗಳ ಗಾಜಿನಿಂದ ಕಣ್ಣು ಕಿತ್ತು ಮೇಲೆ ನೋಡಿದವರಿಗೆ, 1760ರ ದಶಕದಲ್ಲಿ ಸಿರಿವಂತರ ವಾಸಕ್ಕೆಂದು ಕಟ್ಟಿದ ಮನೆಗಳ ಸಾಲು ಕಾಣುತ್ತದೆ. ಅಲ್ಲಿಗೆ ಸಮೀಪದ ಬೀದಿಯೊಂದರಲ್ಲಿ, ಬಹುಕಾಲದ ಹಿಂದೆಯೇ ಅಂಗಡಿಯಾಗಿದ್ದ ಅದೇ ಬಗೆಯ ಮನೆಯೊಂದರ ದುರಸ್ತಿಗೆ ನಾನು ವಾಸ್ತುಶಿಲ್ಪಿಯಾಗಿದ್ದೆ. ಮೊದಲ ಮಹಡಿಯ ಕಿಟಕಿಯ ಕೆಳಗೆ, ಕಲ್ಲಿನ ಸಂದುಗಳ ಗುಂಟ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕೊಂದು ಬಿಟ್ಟಿತ್ತು. ಅಡಿಪಾಯ ಕುಸಿದಿರಬೇಕೆಂದು ಊಹಿಸಿ ಎರಡು ವಾರಗಳನ್ನು ನೆಲಮಾಳಿಗೆಯಲ್ಲಿ ಕಳೆದೆ. ಅಲ್ಲಿನ ಗೋಡೆಗಳು ನೆಟ್ಟಗೇ ಇದ್ದವು.

ಆಮೇಲೆ ಅಳತೆಯನ್ನು ಅಟ್ಟದಿಂದ ಆರಂಭಿಸಿ ಕೆಳಕ್ಕೆ ಬಂದೆ. ಈ ಮನೆಗಳ ವಿನ್ಯಾಸ ಸರಳವಾದದ್ದು: ಪ್ರತಿ ಅಂತಸ್ತಿನಲ್ಲಿ ಬೀದಿಗೊಂದು, ಹಿತ್ತಲಿಗೊಂದು ಕೋಣೆ, ಪಕ್ಕದಲ್ಲಿ ಮೆಟ್ಟಿಲು, ನೆಲಮಾಳಿಗೆಯಲ್ಲಿ ಅಡುಗೆ, ಬೀದಿಯ ಮಟ್ಟದಲ್ಲಿ ಊಟದ ಕೋಣೆ, ಅದರ ಮೇಲೆ ಎತ್ತರದ ಕಿಟಕಿಗಳ ದಿವಾನಖಾನೆ, ತುತ್ತತುದಿಯಲ್ಲಿ ಆಳುಗಳ ಕೋಣೆಗಳು. ಕಿಟಕಿಯ ನೇರಕ್ಕೆ ಕಿಟಕಿ, ಗೋಡೆಯ ನೇರಕ್ಕೆ ಗೋಡೆ ಬರುತ್ತಿದ್ದುದರಿಂದ ಮುಂಗೋಡೆಯ ಭಾರ ಅಡೆತಡೆಯಿಲ್ಲದೆ ನೆಲಕ್ಕಿಳಿಯುತ್ತಿತ್ತು. ಅಂಗಡಿ ಮಾಡಿದವರು ಅಗಲವಾದ ಪ್ರದರ್ಶನದ ಕಿಟಕಿಗಾಗಿ ಕೆಳಗಿನ ಮುಂಗೋಡೆಯನ್ನು ಒಡೆದು, ಮೇಲಿನ ಅಂತಸ್ತುಗಳಿಗೆಲ್ಲ ಒಂದೇ ಅಡ್ಡತೊಲೆಯನ್ನು ಆಧಾರವಾಗಿ ಕೊಟ್ಟಿದ್ದರು. ನಾಮಫಲಕದ ಹಿಂದಿನ ಹಲಗೆಗಳನ್ನು ಬಿಚ್ಚಿಸಿದಾಗ ಅದು ಕಂಡಿತು. ಮರದ ತೊಲೆ, ನಡುವೆ ಬಾಗಿತ್ತು, ಒಂದು ತುದಿಯಂತೂ ನೀರು ಕುಡಿದು, ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿತ್ತು.

ನೀರಿಗೆ ದಾರಿ ಮಾಡಿಕೊಟ್ಟದ್ದು ಹಿಂದಿನ ದುರಸ್ತಿಯೇ. ಬಾತ್ ಕಲ್ಲು ಮೃದುವಾದ ಸುಣ್ಣಕಲ್ಲು. ಗೋಡೆ ಹೀರಿದ ತೇವ ಸುಣ್ಣದ ಗಾರೆಯ ಸಂದುಗಳಿಂದ ಆರಿಹೋಗುತ್ತದೆ. ಯಾರೋ ಆ ಸಂದುಗಳಿಗೆ ಸಿಮೆಂಟು ತುಂಬಿದ್ದರಿಂದ ತೇವ ಒಳಗೇ ಉಳಿದು ತೊಲೆಯ ತುದಿಗೆ ಇಳಿದಿತ್ತು. ನಮ್ಮ ಗುತ್ತಿಗೆದಾರರೂ ಬಿರುಕಿಗೆ ಮೊದಲು ಸೂಚಿಸಿದ ಮದ್ದು ಸಿಮೆಂಟೇ ಆಗಿತ್ತು!

ಅಂಗಡಿಯ ಮುಖವನ್ನೇ ತೆಗೆದು ಮೂಲದ ಗೋಡೆಯನ್ನು ಮತ್ತೆ ಕಟ್ಟೋಣವೆಂಬ ಸಲಹೆಯೂ ಬಂತು. ನಾನು ಒಪ್ಪಲಿಲ್ಲ. ಮೂಲದ ಬಾಗಿಲು ಎಲ್ಲಿತ್ತೆಂಬುದಕ್ಕೇ ನಮ್ಮಲ್ಲಿ ಆಧಾರವಿರಲಿಲ್ಲ. ಊಹೆಯಿಂದ ಕಟ್ಟಿದ್ದರೆ ಅದು ನಮ್ಮ ಕಾಲದ ಗೋಡೆಯೇ ಆಗುತ್ತಿತ್ತು. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ಸುಂಕ 1845ರಲ್ಲಿ ರದ್ದಾದ ಬಳಿಕ ಅಂಗಡಿಗಳ ದೊಡ್ಡ ಗಾಜು ಅಗ್ಗವಾಯಿತು, ಬೀದಿಗಳ ಚಹರೆ ಬದಲಾಯಿತು. ಆ ಬದಲಾವಣೆಯ ಗುರುತುಳ್ಳ, ಒಳ್ಳೆಯ ಬಡಗಿ ಕೆತ್ತಿದ ಚಾಚುಗಳಿರುವ ಮುಖವನ್ನು ಕೀಳುವುದು ನನಗೆ ಅನ್ಯಾಯವೆನಿಸಿತು.

ಸಂರಕ್ಷಿತ ಕಟ್ಟಡಕ್ಕೆ ಬೇಕಾದ ಅನುಮತಿ ದೊರೆತ ಮೇಲೆ, ತೊಲೆಗಿಂತ ಮೇಲೆ ಗೋಡೆಯಲ್ಲಿ ಕಿಂಡಿಗಳನ್ನು ತೆಗೆದು, ಉಕ್ಕಿನ ತೊಲೆಗಳನ್ನು ತೂರಿಸಿ, ಎರಡೂ ಬದಿಗೆ ಆನಿಕೆ ಕೊಟ್ಟು ಭಾರವನ್ನು ಎತ್ತಿ ಹಿಡಿದೆವು. ಕೊಳೆತ ತುದಿಯನ್ನಷ್ಟೇ ಕತ್ತರಿಸಿ ಹೊಸ ಓಕ್ ಮರವನ್ನು ಬೆಸೆದು, ಉಕ್ಕಿನ ಪಟ್ಟಿಗಳಿಂದ ಬಿಗಿದೆವು. ಬಾಗನ್ನು ತಿದ್ದಲಿಲ್ಲ, ಅದಕ್ಕೆ ಹೊಂದಿಕೊಂಡು ಕುಳಿತಿದ್ದ ಕಲ್ಲುಗಳು ಎತ್ತಿದರೆ ಮತ್ತೆ ಬಿರಿಯುತ್ತಿದ್ದವು. ಸಂದುಗಳಿಗೆ ಸುಣ್ಣದ ಗಾರೆ ತುಂಬಿ, ಬೇಗ ಒಣಗದಂತೆ ಒದ್ದೆ ಗೋಣಿತಟ್ಟು ಹೊದಿಸಿದೆವು.

ಒಂದು ಕೆಲಸ ಮಾತ್ರ ಕೈಗೂಡಲಿಲ್ಲ. ಅಂಗಡಿಗೆ ಜಾಗ ಸಾಲದೆಂದು ಕೆಳಗಿನ ಮೆಟ್ಟಿಲನ್ನು ಹಿಂದೆಯೇ ಕಿತ್ತಿದ್ದರು. ಮಹಡಿಗಳಿಗೆ ಬೀದಿಯಿಂದ ಬೇರೆ ದಾರಿ ಕೊಡಬೇಕೆಂದರೆ ಪ್ರದರ್ಶನದ ಕಿಟಕಿ ಕಿರಿದಾಗುತ್ತಿತ್ತು, ಮಾಲೀಕರು ಅದಕ್ಕೆ ಸಿದ್ಧರಿರಲಿಲ್ಲ. ದಿವಾನಖಾನೆಯಲ್ಲಿ ಈಗಲೂ ರಟ್ಟಿನ ಪೆಟ್ಟಿಗೆಗಳಿವೆ.