ಮರಿನಾಯಿಯ ಲಿವರ್ ಷಂಟ್‌ಗೆ ಅಮೆರಾಯ್ಡ್ ರಿಂಗ್: ನಾನು ಮಾಡುವ ಕ್ರಮ

ಊಟವಾದ ಒಂದೆರಡು ಗಂಟೆಗೆ ಮಂಕಾಗುವ, ಗೋಡೆಗೆ ತಲೆ ಒತ್ತಿ ನಿಲ್ಲುವ, ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲದ ಯಾರ್ಕಿ, ಪಗ್, ಶಿಟ್ಜು ಮರಿಗಳಲ್ಲಿ ಮೊದಲು ರಕ್ತದಲ್ಲಿ ಬೈಲ್ ಆಸಿಡ್ (ಪಿತ್ತರಸದ ಆಮ್ಲ) ನೋಡುತ್ತೇನೆ. 12 ಗಂಟೆ ಉಪವಾಸದ ನಂತರ ಒಂದು ಸ್ಯಾಂಪಲ್, ಊಟ ಕೊಟ್ಟು 2 ಗಂಟೆಗೆ ಇನ್ನೊಂದು. ಕರುಳಿನ ರಕ್ತ ಲಿವರ್ ಮುಟ್ಟದೆ ಷಂಟ್ ಎಂಬ ಅಡ್ಡನಾಳದ ದಾರಿ ಹಿಡಿದಿದ್ದರೆ ಎರಡನೆಯದು ಚೆನ್ನಾಗಿ ಏರಿರುತ್ತದೆ. ಆ ನಾಳ ಎಲ್ಲಿದೆ ಎಂದು ತಿಳಿಯಲು ಸಿಟಿ ಆಂಜಿಯೋಗ್ರಾಮ್ (ರಕ್ತನಾಳ ತೋರಿಸುವ ಸ್ಕ್ಯಾನ್) ಬೇಕು. ದೊಡ್ಡ ತಳಿಗಳಲ್ಲಿ ಅದು ಸಾಮಾನ್ಯವಾಗಿ ಲಿವರ್ ಒಳಗೇ ಇರುತ್ತದೆ, ಅದರ ಚಿಕಿತ್ಸೆಯ ದಾರಿಯೇ ಬೇರೆ. ಇಲ್ಲಿ ಹೇಳುತ್ತಿರುವುದು ಲಿವರ್‌ನ ಹೊರಗಿನ ಷಂಟ್ ಬಗ್ಗೆ; ಅದರ ಸುತ್ತ ಹಾಕಿ ನಿಧಾನವಾಗಿ ಮುಚ್ಚಿಸುವ ಬಳೆಯೇ ಅಮೆರಾಯ್ಡ್ ರಿಂಗ್.

ಆಪರೇಷನ್‌ಗೆ ಅವಸರ ಬೇಡ. 2–4 ವಾರ ಲಿವರ್ ಡಯಟ್, ಕಿಲೋಗೆ 7.5 ಮಿ.ಗ್ರಾಂ. ಮೆಟ್ರೊನಿಡಜೋಲ್ (ಆಂಟಿಬಯಾಟಿಕ್) ದಿನಕ್ಕೆರಡು ಸಲ, ಜೊತೆಗೆ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗುವಷ್ಟು ಲ್ಯಾಕ್ಟುಲೋಸ್ (ಮಲ ಸಡಿಲಿಸುವ ಸಿರಪ್). ನೀರುನೀರಾಗಿ ಭೇದಿಯಾದರೆ ಲ್ಯಾಕ್ಟುಲೋಸ್ ಪ್ರಮಾಣ ಇಳಿಸಬೇಕು. ಮೈಯಲ್ಲಿ ನೀರು ಬತ್ತಿದರೆ ಲಿವರ್ ತೆಗೆದುಹಾಕದೆ ರಕ್ತದಲ್ಲೇ ಉಳಿದು ಮಿದುಳು ಮಂಕಾಗಿಸುವ ಅಮೋನಿಯಾದ ಕಾಟ ಹೆಚ್ಚುತ್ತದೆ. ಫಿಟ್ಸ್ ತಡೆಯಲು ಲೆವೆಟಿರಾಸಿಟಮ್ ಕಿಲೋಗೆ 20 ಮಿ.ಗ್ರಾಂ., 8 ಗಂಟೆಗೊಮ್ಮೆ, ಕನಿಷ್ಠ ಆಪರೇಷನ್ನಿನ ಹಿಂದಿನ ದಿನದಿಂದಲೇ.

ಹೊಟ್ಟೆ ತೆರೆದು ಡುಯೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಎಡಕ್ಕೆ ಸರಿಸಿದರೆ ವೇನಾ ಕೇವಾ (ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳ) ಕಾಣುತ್ತದೆ. ಬಲ ಕಿಡ್ನಿಯ ವೇನ್‌ಗೂ ಲಿವರ್‌ಗೂ ನಡುವೆ, ಫ್ರೆನಿಕೋಅಬ್ಡಾಮಿನಲ್ ವೇನ್ (ವಪೆ, ಹೊಟ್ಟೆಗೋಡೆಯ ರಕ್ತ ತರುವ ನಾಳ) ಬಿಟ್ಟು ಬೇರೆ ಯಾವುದೇ ನಾಳ ಅಲ್ಲಿ ಸೇರುತ್ತಿದ್ದರೆ ಅದರ ಮೇಲೆ ಅನುಮಾನ ಇರಲಿ. ತೆಳು ಗೋಡೆಯ ಕೇವಾದೊಳಗೆ ರಕ್ತ ಸುಳಿ ಸುತ್ತುವುದು ಬರಿಗಣ್ಣಿಗೇ ಕಾಣುವುದುಂಟು.

ಷಂಟ್ ಸುತ್ತ ಹಾಕುವ ರಿಂಗ್, ಷಂಟ್ ಕೇವಾಕ್ಕೆ ಸೇರುವ ಜಾಗಕ್ಕೆ ಆದಷ್ಟು ಅಂಟಿಕೊಂಡೇ ಇರಬೇಕು. ದೂರ ಹಾಕಿದರೆ ನಡುವೆ ಬಂದು ಸೇರುವ ಸಣ್ಣ ಕವಲು ತಪ್ಪಿಹೋಗಿ ಷಂಟ್ ಉಳಿದುಬಿಡುತ್ತದೆ. ರೈಟ್ ಆ್ಯಂಗಲ್ ಫೋರ್ಸೆಪ್ಸ್‌ನಿಂದ ರಿಂಗ್ ತೂರುವಷ್ಟೇ ಜಾಗ ಬಿಡಿಸುತ್ತೇನೆ. ಹೆಚ್ಚು ಬಿಡಿಸಿದರೆ ರಿಂಗ್ ಜಾರಿ, ತನ್ನ ಭಾರಕ್ಕೇ ನಾಳವನ್ನು ಮಡಚಿಬಿಡುತ್ತದೆ. ಒಳವ್ಯಾಸ ನಾಳಕ್ಕಿಂತ ತುಸು ದೊಡ್ಡದಿರಲಿ. ರಿಂಗಿನ ಸ್ಟೀಲ್ ಕವಚದೊಳಗಿನ ಕೇಸಿನ್ (ಹಾಲಿನ ಪ್ರೋಟೀನ್) ತೇವ ಹೀರಿ ಉಬ್ಬುತ್ತದೆ, ಸುತ್ತಲೂ ನಾರು ಬೆಳೆಯುತ್ತದೆ, ನಾಳ ವಾರಗಳಲ್ಲಿ ಮುಚ್ಚುತ್ತದೆ. ಆ ನಿಧಾನವೇ ಬೇಕಾದದ್ದು: ಒಮ್ಮೆಗೇ ಕಟ್ಟಿದರೆ ಪುಟ್ಟ ಲಿವರ್ ಅಷ್ಟು ರಕ್ತ ತಡೆಯದು, ಕರುಳು ನೀಲಿಗಟ್ಟುತ್ತದೆ, ಪ್ಯಾಂಕ್ರಿಯಾಸ್ ಕೆಂಪೇರುತ್ತದೆ. ಹೊಲಿಯುವ ಮೊದಲು ಕರುಳಿನ ಬಣ್ಣ ಇನ್ನೊಮ್ಮೆ ನೋಡಿ. ಲಿವರ್ ಬಯಾಪ್ಸಿ ಇದೇ ಸಲ; ಮೂತ್ರಕೋಶದಲ್ಲಿ ಯುರೇಟ್ ಕಲ್ಲಿದ್ದರೆ ಅದನ್ನು ತೆಗೆಯುವುದೂ ಇದೇ ಸಲ.

ಆಮೇಲೆ ಗ್ಲೂಕೋಸ್ 4 ಗಂಟೆಗೊಮ್ಮೆ. ಈ ಮರಿಗಳಲ್ಲಿ ಅದು ಬೇಗ ಕುಸಿಯುತ್ತದೆ, ಮೈಯೂ ಬೇಗ ತಣ್ಣಗಾಗುತ್ತದೆ. ಮೊದಲ 3–4 ದಿನ ಫಿಟ್ಸ್ ಬರಬಹುದು, ಅಮೋನಿಯಾ ಸರಿಯಿದ್ದರೂ. ಡಯಟ್, ಲ್ಯಾಕ್ಟುಲೋಸ್ ಮನೆಗೆ ಹೋದ ಕೂಡಲೇ ನಿಲ್ಲಿಸುವುದಲ್ಲ. 2–3 ತಿಂಗಳಿಗೆ ಬೈಲ್ ಆಸಿಡ್ ನೋಡಿ ಇಳಿಸುತ್ತೇನೆ. ಆಗಲೂ ಏರಿದ್ದು, ಮರಿ ಮಂಕಾಗಿಯೇ ಇದ್ದರೆ ಮತ್ತೆ ಸಿಟಿ. ಒತ್ತಡಕ್ಕೆ ಹೊಸದಾಗಿ ಹುಟ್ಟಿದ ಹತ್ತಾರು ಸಣ್ಣ ನಾಳಗಳು ಕಂಡರೆ ಅವನ್ನು ಕಟ್ಟಲು ಹೋಗುವುದಿಲ್ಲ.