ಮೂರೂವರೆ ನಿಮಿಷದ ಪಟ್ಟಿ ಒಂದು ಸೆಕೆಂಡಿನೊಳಗೆ ಬಂದದ್ದು

ಚಾಕಣ್‌ನ ಕಾರ್ಖಾನೆಯೊಂದರ ಕಂಪನದ ಅಳತೆಗಳು, ಸುಮಾರು 4 ಲಕ್ಷ. ಲೆಕ್ಕದ ತಂತ್ರಾಂಶ ಮ್ಯಾಥಮ್ಯಾಟಿಕಾದಲ್ಲಿ ಒಂದೊಂದನ್ನೂ ಸೋಸಿ ಪಟ್ಟಿಗೆ ಸೇರಿಸಬೇಕು. ಪಟ್ಟಿಯ ಕೊನೆಗೆ ಒಂದನ್ನು ಸೇರಿಸುವ ಅದರ ಆಜ್ಞೆ ಅಪೆಂಡ್‌ಟು ಪ್ರತಿ ಸಲ ಇಡೀ ಪಟ್ಟಿಯನ್ನೇ ನಕಲು ಮಾಡುತ್ತದೆ, ಅದಕ್ಕೇ ತೆವಳುತ್ತದೆ. ಪುಣೆಯ ನಮ್ಮ ಬಳಗದಲ್ಲಿ ‘ಮ್ಯಾಥಮ್ಯಾಟಿಕಾ ಬಿಡಿ, ನಂಪೈ ಹಿಡೀರಿ’ ಅಂದವರೇ ಹೆಚ್ಚು. ನಂಪೈ ಎಂದರೆ ಪೈಥಾನ್ ಭಾಷೆಯ ಲೆಕ್ಕದ ಕಟ್ಟು. ಅದರ ಅಪೆಂಡ್ ಕೂಡ ಪ್ರತಿ ಸಲ ಇಡೀ ಸಾಲನ್ನು ನಕಲು ಮಾಡುತ್ತದೆ. ರೋಗ ಅಲ್ಲೂ ಅದೇ.

ಅಪೆಂಡ್‌ಟು 1 ಲಕ್ಷಕ್ಕೆ ಹನ್ನೆರಡು ಸೆಕೆಂಡು ತಿಂದಿತು, 2 ಲಕ್ಷಕ್ಕೆ ಐವತ್ತರ ಹತ್ತಿರ, 4 ಲಕ್ಷಕ್ಕೆ ಮೂರೂವರೆ ನಿಮಿಷ. ಉದ್ದ ಇಮ್ಮಡಿಯಾದಾಗ ಹೊತ್ತು ನಾಲ್ಕು ಪಟ್ಟಾದರೆ ನಕಲನ್ನೇ ಅನುಮಾನಿಸಿ. ಪುಣೆಯ ಎಲೆಕ್ಟ್ರಾನಿಕ್ಸ್ ಪೇಟೆ ತಾಪ್ಕೀರ್ ಗಲ್ಲಿಯಲ್ಲಿ ಆರು ಸಾವಿರ ಕೊಟ್ಟು ರ‍್ಯಾಮ್ 32 ಜಿಬಿ ಮಾಡಿಸಿದ್ದರಿಂದ ಒಂದು ಸೆಕೆಂಡೂ ಉಳಿಯಲಿಲ್ಲ. 4 ಲಕ್ಷ ದಶಮಾಂಶ ಸಂಖ್ಯೆ ಒತ್ತಾಗಿ ಕೂತರೆ ಬೇಕಾದ್ದು ಬರೀ 3.2 ಎಂಬಿ!

ಬೆಲೆಗಳನ್ನು ಬಿತ್ತುತ್ತ ಹೋಗಿ ಕೊನೆಗೆ ಒಟ್ಟಿಗೆ ಕೊಯ್ಯುವ ಸೋ-ರೀಪ್ ಆಜ್ಞೆಗಳ ಜೋಡಿ ವೇಗವಾಗಿಯೇ ಓಡಿತು. ಆದರೆ ನನಗೆ ಲೂಪಿನ ನಡುವೆ ಹಿಂದಿನ ಐವತ್ತು ಅಳತೆ ನೋಡಬೇಕಿತ್ತು. ರೀಪ್ ಮುಗಿಯುವ ತನಕ ಅವು ಕೈಗೆ ಸಿಗವು. ಪಟ್ಟಿಯೊಳಗೆ ಪಟ್ಟಿ ಹೆಣೆದು ಕೊನೆಗೆ ಫ್ಲ್ಯಾಟನ್‌ನಿಂದ ಒಂದೇ ಪಟ್ಟಿಯಾಗಿ ಚಪ್ಪಟೆ ಮಾಡುವುದನ್ನೂ ನೋಡಿದೆ. ಚುರುಕೇ, ಆದರೆ ಜೋಡಿಯಾಗಿಯೇ ಇರಬೇಕಾದ ಬೆಲೆಗಳೂ ಕರಗಿ ಒಂದಾದವು.

ಗೆದ್ದದ್ದು ಹೀಗೆ: ಬೇಕಾದಷ್ಟು ಉದ್ದದ ಸಾಲು ಮಾಡಿಕೊಡುವ ಕಾನ್‌ಸ್ಟಂಟ್‌ಅರೇಯಿಂದ ಖಾಲಿ ಸಾಲು ಮಾಡಿ, ಸ್ಥಾನಕ್ಕೆ ನೇರವಾಗಿ ಬೆಲೆ ಬರೆಯುತ್ತ ಹೋಗಿ, ತುಂಬಿದಾಗ ಸಾಲನ್ನು ಇಮ್ಮಡಿ ಮಾಡಿ, ಕೊನೆಗೆ ಟೇಕ್‌ನಿಂದ ಕತ್ತರಿಸಿದೆ. 4 ಲಕ್ಷಕ್ಕೆ ಮುಕ್ಕಾಲು ಸೆಕೆಂಡು.

ಮೊದಲ ದಿನ ಇದೂ ತೆವಳಿತು. ಕಾರಣ ಎರಡು. ಅಳತೆ ಬಾರದ ಕಡೆ 0 ಎಂದು ಬರೆದಿದ್ದೆ. ಚುಕ್ಕಿ ಇಟ್ಟು ‘0.’ ಎನ್ನಬೇಕಿತ್ತು. ದಶಮಾಂಶಗಳ ಒತ್ತುಸಾಲಿಗೆ (ಒಂದೇ ಬಗೆಯ ಸಂಖ್ಯೆಗಳು ಒತ್ತಾಗಿ ಕೂತ ಸಾಲು, ಪ್ಯಾಕ್ಡ್ ಅರೇ) ಒಂದೇ ಒಂದು ಪೂರ್ಣಾಂಕ ಬಿದ್ದರೂ ಇಡೀ ಸಾಲು ಬಿಚ್ಚಿಕೊಳ್ಳುತ್ತದೆ, ಜಾಗ ಮೂರು ಪಟ್ಟಾಗುತ್ತದೆ. ಸಾಲು ಬಿಚ್ಚಿಕೊಂಡರೆ ಹೇಳುವ ಪ್ಯಾಕಿಂಗ್ ಎಚ್ಚರಿಕೆಯನ್ನು ಆನ್ ಮಾಡಿಟ್ಟರೆ ಇಂಥದ್ದು ಬೇಗ ಸಿಕ್ಕಿಬೀಳುತ್ತದೆ. ಎರಡನೆಯದು ಇನ್ನೂ ಕಳ್ಳತನದ್ದು: ಲೂಪಿನೊಳಗೆ ಸಾಲನ್ನು ‘ಹಳೆಯದು’ ಎಂಬ ಇನ್ನೊಂದು ಹೆಸರಲ್ಲೂ ಇಟ್ಟಿದ್ದೆ. ಎರಡು ಹೆಸರು ಒಂದೇ ಸಾಲನ್ನು ಹಿಡಿದಿದ್ದರೆ ಮುಂದಿನ ಬರಹಕ್ಕೆ ಪೂರ್ತಿ ನಕಲಾಗುತ್ತದೆ. ಆ ಒಂದು ಗೆರೆ ಅಳಿಸಿದೆ, ಹಾರಿತು.

ಹೊತ್ತನ್ನು ಗಡಿಯಾರದ ಹೊತ್ತು ಹೇಳುವ ಆಬ್ಸಲ್ಯೂಟ್‌ಟೈಮಿಂಗ್‌ನಲ್ಲೇ ಅಳೆಯಿರಿ. ಟೈಮಿಂಗ್ ಲೆಕ್ಕ ಹಿಡಿಯುವುದು ಸಿಪಿಯು ಹೊತ್ತನ್ನು ಮಾತ್ರ. ಮ್ಯಾಥಮ್ಯಾಟಿಕಾ 12.1ರಿಂದ ಬಂದ, ತಾನೇ ಬೆಳೆಯುವ ಸಾಲು ಡೈನಮಿಕ್‌ಅರೇಯನ್ನೂ ಓಡಿಸಿದೆ, ಬಳಸಲು ಸಲೀಸು. ನನ್ನ ಕೆಲಸಕ್ಕೆ ಮಾತ್ರ ಕೈಯಿಂದ ಕಟ್ಟಿದ ಸಾಲೇ ಮುಂದೆ. ಮೊದಲ ಸಾಲಿನ ಉದ್ದ ಎಷ್ಟಿಡಬೇಕು ಎನ್ನುವ ನನ್ನ ಲೆಕ್ಕವನ್ನು ಸದ್ಯ ನನ್ನಲ್ಲೇ ಇಟ್ಟುಕೊಂಡಿದ್ದೇನೆ.