ಮಾಸ್ಟರ್ ಒಂದರಿಂದ ಮೂರಕ್ಕೆ ಬರೋಕೆ ನಾನು ಸುಟ್ಟಿದ್ದೆಷ್ಟು

ಬಳ್ಳಾರಿಯ ಕೌಲ್ ಬಜಾರ್ ಹತ್ತಿರ ಒಂದು ಗಲ್ಲಿ. ಕೆಳಗೆ ಜೀನ್ಸ್ ಹೊಲಿಯೋ ಯೂನಿಟ್, ಮೇಲೆ ನನ್ನ ಕೋಣೆ. ಹಗಲು ಹದಿನೈದು ಮಿಷನ್ ಒಟ್ಟಿಗೆ ಓಡುವಾಗ ನಾನು ಗಿಟಾರಲ್ಲಿ ಏನು ಬಾರಿಸಿದರೂ ಯಾರಿಗೂ ಕೇಳಲ್ಲ. ಆದರೆ ನನಗೆ ಬಿಡುವಾಗೋದು ರಾತ್ರಿ ಎಂಟರ ಮೇಲೆ. ಮಿಷನ್ ನಿಲ್ಲೋದೂ ಆಗಲೇ.

ನನ್ನ ಗಿಟಾರ್ ಆಂಪ್ (ಆಂಪ್ಲಿಫೈಯರ್) ಮಾರ್ಷಲ್ ಜೆಸಿಎಂ800 2204ರ ಕ್ಲೋನ್, ಅಂದರೆ ನಕಲು. 50 ವ್ಯಾಟ್, ಎರಡು ಇಎಲ್34 ಪವರ್ ವಾಲ್ವ್. ಹಳೆ ಮಾಲೀಕ ಪ್ರೀಆಂಪಿಗೆ, ಅಂದರೆ ಆಂಪಿನ ಮೊದಲ ಭಾಗಕ್ಕೆ, ನಾಲ್ಕನೇ 12ಎಎಕ್ಸ್7 ಸಣ್ಣ ವಾಲ್ವ್ ಕೂರಿಸಿ, ಸಿಗ್ನಲ್ ಹಿಗ್ಗಿಸಿ ಸದ್ದು ಒಡೆಸೋ ಗೇನ್ ಸ್ಟೇಜ್ ಒಂದು ಜಾಸ್ತಿ ಮಾಡಿದ್ದ. ಸೆಕೆಂಡ್ ಹ್ಯಾಂಡ್, 48 ಸಾವಿರಕ್ಕೆ ತಂದೆ. ಕ್ಯಾಬ್‌ನಲ್ಲಿ (ಸ್ಪೀಕರ್ ಪೆಟ್ಟಿಗೆ) ಒಂದೇ ವಿಂಟೇಜ್ 30 ಸ್ಪೀಕರ್, 8 ಓಮ್. ತಂದ ಮೊದಲ ವಾರವೇ ಪಕ್ಕದ ಮನೆ ದೊಡ್ಡಮ್ಮ ಮೆಟ್ಟಿಲು ಹತ್ತಿ ಬಂದರು.

"ಏನ್ ತಮ್ಮಾ, ಏನದು ಸದ್ದು?"

"ಜೆಸಿಎಂ ದೊಡ್ಡಮ್ಮ, ಗಿಟಾರ್ ಬಾರಿಸೋದು."

"ಜೆಸಿಬಿನಾ? ಮ್ಯಾಲೆ ಹೆಂಗ ಹತ್ತಿಸಿದ್ಯೋ?"

ಇಂಥ ಆಂಪ್ ಇಟ್ಟುಕೊಂಡವರಿಗೆ ಕಷ್ಟ ಏನು ಅಂತ ಗೊತ್ತೇ ಇದೆ. ಮಾಸ್ಟರ್, ಅಂದರೆ ಒಟ್ಟು ಸದ್ದಿನ ನಾಬ್, ಒಂದಕ್ಕಿಂತ ಕೆಳಗಿದ್ದರೆ ಡಬ್ಬಿಯೊಳಗೆ ಸಿಕ್ಕ ಸೊಳ್ಳೆ. ಕೂದಲೆಳೆಯಷ್ಟು ತಿರುಗಿಸಿದರೆ ಕಿಟಕಿ ಗಾಜು ಅದುರುತ್ತೆ. ನಡುವೆ ನಿಲ್ಲೋ ಜಾಗವೇ ಇಲ್ಲ. ಬ್ಯಾಂಡಿನ ಹುಡುಗರು ಒಂದೇ ಮಾತು ಹೇಳಿದರು. "ಅಣ್ಣ, ಹೈ ಗೇನ್ ಆಂಪಲ್ಲಿ ಡಿಸ್ಟಾರ್ಷನ್ ಎಲ್ಲಾ ಪ್ರೀಆಂಪಲ್ಲೇ ಬರುತ್ತೆ. ಇದಕ್ಕೆ ಅಟೆನ್ಯುಯೇಟರ್ ಹಾಕಿದರೆ ದುಡ್ಡು ದಂಡ. ಮಾರಿ ಒಂದು ಮಾಡೆಲರ್ ತಗೋ." ಡಿಸ್ಟಾರ್ಷನ್ ಅಂದರೆ ಒಡೆದ ಸದ್ದು. ಅಟೆನ್ಯುಯೇಟರ್ ಅಂದರೆ ಆಂಪಿಗೂ ಸ್ಪೀಕರಿಗೂ ನಡುವೆ ಕೂತು ಪವರ್ ತಿನ್ನೋ ಡಬ್ಬಿ, ಮಾಡೆಲರ್ ಅಂದರೆ ಆಂಪಿನ ಸದ್ದನ್ನು ಡಿಜಿಟಲ್ ಆಗಿ ನಕಲು ಮಾಡೋ ಡಬ್ಬಿ. ಹುಡುಗರ ಮಾತಲ್ಲಿ ಅರ್ಧ ನಿಜ. ಉಳಿದ ಅರ್ಧ ಕಲಿಯೋಕೆ ನನಗೆ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು.

ಮೊದಲು ಮಾಸ್ಟರ್ ಪಾಟ್ (ನಾಬ್ ಹಿಂದಿನ ತಿರುಗೋ ರೆಸಿಸ್ಟರ್) ಮೇಲೆ ಅನುಮಾನ ಬಂತು. ಬಿಚ್ಚಿ ನೋಡಿದರೆ ಇರಬೇಕಾದ್ದು ಸದ್ದು ನಿಧಾನಕ್ಕೆ ಏರಿಸೋ 1 ಮೆಗ್ ಓಮಿನ ಲಾಗ್, ಕೂತಿದ್ದು ಶುರುವಲ್ಲೇ ಜಿಗಿಯೋ ಲೀನಿಯರ್. ಲಾಗ್ ಪಾಟ್ ತಂದು ಹಾಕಿದೆ. ತಿರುಗಿಸೋಕೆ ಸ್ವಲ್ಪ ಜಾಗ ಸಿಕ್ಕಿತು, ಸೊಳ್ಳೆ ಹಾಗೇ ಉಳಿಯಿತು.

ಆಮೇಲೆ ಫೇಸ್ ಇನ್ವರ್ಟರ್ (ಎರಡು ಪವರ್ ವಾಲ್ವಿಗೆ ಸಿಗ್ನಲ್ ಹಂಚೋ ಭಾಗ) ಆದ ಮೇಲೆ ಬರೋ ಮಾಸ್ಟರ್ ಹಾಕಿದೆ, ಡ್ಯುಯಲ್ ಗ್ಯಾಂಗ್ ಪಾಟ್, ಅಂದರೆ ಒಂದೇ ನಾಬಿಗೆ ಎರಡು ಪಾಟ್. ಖರ್ಚು 350 ರೂಪಾಯಿ ಮತ್ತು ಒಂದು ಭಾನುವಾರ. ಹಳೇ ಮಾಸ್ಟರ್‌ಗಿಂತ ಇದು ಮೇಲು, ಸುಳ್ಳು ಹೇಳಲ್ಲ. ಫೇಸ್ ಇನ್ವರ್ಟರ್ ಕೂಡ ಸ್ವಲ್ಪ ಒಡೆಯುತ್ತೆ, ಸದ್ದಿಗೆ ಮೈ ಬರುತ್ತೆ. ಆದರೆ ತೀರಾ ಇಳಿಸಿದಾಗ ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್‌ನಿಂದ ಹಿಂದಕ್ಕೆ ಬಂದು ಸದ್ದನ್ನು ಹಿಡಿತದಲ್ಲಿಡೋ ಸಿಗ್ನಲ್) ಕೆಲಸ ಬಿಡುತ್ತೆ, ಸದ್ದಿನ ಹೊಳಪು ಬದಲಿಸೋ ಪ್ರೆಸೆನ್ಸ್ ನಾಬ್ ಸುಮ್ನೆ ಅಲಂಕಾರಕ್ಕೆ ಅಂತ ಆಗುತ್ತೆ. ಇದನ್ನು ಹಾಕೋರಿಗೆ ಒಂದು ಮಾತು. ಪಾಟ್‌ನ ವೈಪರ್ (ಒಳಗೆ ಜಾರೋ ತುದಿ) ಕೈಕೊಟ್ಟರೂ ಇಎಲ್34ಗೆ ಬಯಾಸ್, ಅಂದರೆ ವಾಲ್ವನ್ನು ಹಿಡಿತದಲ್ಲಿಡೋ ವೋಲ್ಟೇಜ್, ತಪ್ಪಬಾರದು. ಎರಡೂ ಕಡೆ 2.2 ಮೆಗ್ ರೆಸಿಸ್ಟರ್ ಹಾಕಿ. ನಾನು ಹಾಕಿರಲಿಲ್ಲ. ಪುಣ್ಯಕ್ಕೆ ಏನೂ ಆಗಲಿಲ್ಲ.

ಆಗಿದ್ದು ಅದರ ಮುಂದಿನದರಲ್ಲಿ. ಪಿಎ ಹಾರ್ನ್‌ಗೆ ಸದ್ದು ಇಳಿಸೋಕೆ ಹಾಕೋ ಎಲ್-ಪ್ಯಾಡ್ ಒಂದು ಸಿಕ್ಕಿತು, ನಾಬ್ ತಿರುಗಿಸೋ ಅಗ್ಗದ ಅಟೆನ್ಯುಯೇಟರ್. ಮೇಲೆ 100 ವ್ಯಾಟ್ ಅಂತ ಬರೆದಿತ್ತು, ಬೆಲೆ 650. 50 ವ್ಯಾಟಿನ ಆಂಪಿಗೆ ಧಾರಾಳ ಅಂದುಕೊಂಡೆ. ಒಂದು ಶನಿವಾರ ಮಧ್ಯಾಹ್ನ, ಕೆಳಗೆ ಮಿಷನ್ ಓಡ್ತಿತ್ತು, ಮಾಸ್ಟರ್ ಏಳಕ್ಕೆ ಏರಿಸಿದೆ. ಹತ್ತು ಹದಿನೈದು ನಿಮಿಷ ಸ್ವರ್ಗ. ಆಮೇಲೆ ಸುಟ್ಟ ಬೇಕಲೈಟ್ ವಾಸನೆ. ಸದ್ದು ಚೂರು ಚೂರಾಗಿ ಕಡಿಯೋಕೆ ಶುರುವಾಯಿತು. ನಾನು ಜಾಕ್ ಅಂದುಕೊಂಡು ಕೇಬಲ್ ಅಲ್ಲಾಡಿಸ್ತಾ ಕೂತೆ, ಸ್ಟ್ಯಾಂಡ್‌ಬೈ ಸ್ವಿಚ್ ಹಾಕಿ ಆಂಪ್ ನಿಲ್ಲಿಸಲಿಲ್ಲ. ಹಿಂದಿನಿಂದ ಟಿಕ್ ಅಂತು, ನೀಲಿ ಕಿಡಿ. ಎಲ್-ಪ್ಯಾಡ್ ಒಳಗಿನ ತಂತಿ ಸುಟ್ಟು ತುಂಡಾಗಿ, ಆಂಪಿಗೆ ಲೋಡೇ, ಅಂದರೆ ಪವರ್ ಹೋಗೋ ದಾರಿಯೇ, ಇಲ್ಲದಂತಾಗಿತ್ತು. ವಾಲ್ವ್ ಕಿತ್ತು ನೋಡಿದರೆ ಸಾಕೆಟ್‌ನಲ್ಲಿ ಪಿನ್ 3ರಿಂದ ಪಿನ್ 2ರವರೆಗೆ ಪೆನ್ಸಿಲ್‌ನಲ್ಲಿ ಗೀಚಿದ ಹಾಗೆ ಕಪ್ಪು ಗೆರೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಪ್ರೈಮರಿ ಶಾರ್ಟ್.

ರೀವೈಂಡಿಂಗ್‌ಗೆ ಸುಮಾರು ಆರೂವರೆ ಸಾವಿರ. ಮ್ಯಾಚ್ಡ್ ಇಎಲ್34 ಜೋಡಿಗೆ ಐದೂವರೆ. ಸಾಕೆಟ್, ಬಸ್ ಚಾರ್ಜ್ ಸೇರಿಸಿ ಹದಿಮೂರು ಸಾವಿರ ಹೋಯಿತು. 650 ರೂಪಾಯಿಯ ಅಗ್ಗದ ಮಾಲಿನ ಫಲ! ಪೂರ್ತಿ ಒಡೆಸಿದಾಗ 50 ವ್ಯಾಟಿನ ಆಂಪ್ 50ಕ್ಕೇ ನಿಲ್ಲಲ್ಲ, 70 80ರ ಹತ್ತಿರ ಹೋಗುತ್ತೆ. ಮೇಲಾಗಿ ಅಗ್ಗದ ಮಾಲಿನ ಮೇಲೆ ಬರೆದ ವ್ಯಾಟನ್ನು ನಂಬಿದ್ದು ನನ್ನ ತಪ್ಪು. ಮನೆಯಲ್ಲಿ ಹದಿಮೂರು ಅಂತ ಹೇಳಿಲ್ಲ, ಮೂರು ಅಂತ ಹೇಳಿದೀನಿ.

ನಡುವೆ ಇನ್ನೊಂದು ಹುಚ್ಚು. ಕೆಳಗೆ ಡೆನಿಮ್ ಕಟಿಂಗ್ ಚಿಂದಿ ಗೋಣಿಗಟ್ಟಲೆ ಬೀಳುತ್ತೆ, ಪುಕ್ಕಟೆ. ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಒಳಗೆ ಕ್ಯಾಬ್ ಮತ್ತು ಮೈಕ್ ಇಟ್ಟು, ಸುತ್ತ ಚಿಂದಿ ತುಂಬಿದೆ. ಹೊರಗೆ ಸದ್ದು ಚೆನ್ನಾಗಿಯೇ ಕಮ್ಮಿ ಆಯಿತು. ಮೈಕ್‌ನಲ್ಲಿ ಮಾತ್ರ ಕಂಬಳಿ ಹೊದ್ದು ಕೆಮ್ಮಿದ ಹಾಗೆ. ಏಪ್ರಿಲ್ ಬಂದ ಮೇಲೆ ಪೆಟ್ಟಿಗೆ ತೆಗೆದಾಗ ಒಳಗಿಂದ ಬಂದ ಬಿಸಿಗೆ ಹೆದರಿ ಅದನ್ನು ಬಿಟ್ಟೆ. ಪೆಟ್ಟಿಗೆಯಲ್ಲಿ ಈಗ ಅಮ್ಮ ಜೋಳ ತುಂಬಿದ್ದಾರೆ.

ಈಗ ಕೆಲಸ ಮಾಡ್ತಿರೋದಕ್ಕೆ ಬರ್ತೀನಿ. ಪಾಟ್ ಬೇಡ, ತಿರುಗೋ ಭಾಗವೇ ಬೇಡ ಅಂತ ತೀರ್ಮಾನ ಮಾಡಿದೆ. ಫಿಕ್ಸೆಡ್ ಪ್ಯಾಡ್, ಅಂದರೆ ಸದ್ದನ್ನು ಯಾವಾಗಲೂ ಒಂದೇ ಅಳತೆಗೆ ಇಳಿಸೋ ಅಟೆನ್ಯುಯೇಟರ್, 12 ಡಿಬಿ (ಡೆಸಿಬೆಲ್). ಸೀರೀಸ್‌ನಲ್ಲಿ 6 ಓಮ್, ಅಂದರೆ 12 ಓಮ್ 100 ವ್ಯಾಟಿನ ಅಲ್ಯೂಮಿನಿಯಂ ಮೈಯ ವೈರ್‌ವೂಂಡ್ ಎರಡು ಪ್ಯಾರಲಲ್. ಸ್ಪೀಕರ್‌ಗೆ ಅಡ್ಡ, ಅಂದರೆ ಪ್ಯಾರಲಲ್ ಆಗಿ, 2.7 ಓಮ್, ಅದೂ 100 ವ್ಯಾಟಿನದು. 8 ಓಮ್ ಸ್ಪೀಕರ್ ಹಾಕಿದರೆ ಆಂಪಿಗೆ ಕಾಣೋದು 8 ಓಮ್. ಸ್ಪೀಕರ್ ಕೇಬಲ್ ಕಿತ್ತರೂ ಆಂಪಿಗೆ 8.7 ಓಮ್ ಇದ್ದೇ ಇರುತ್ತೆ. ಹದಿಮೂರು ಸಾವಿರ ಕೊಟ್ಟವನಿಗೆ ಇದೇ ದೊಡ್ಡ ನೆಮ್ಮದಿ. ಇದಾದ ಮೇಲೆ, ಸ್ಪೀಕರ್ ಕಡೆಗೆ, 6 ಡಿಬಿಯ ಇನ್ನೊಂದು ಪ್ಯಾಡ್, 4 ಓಮ್ ಸೀರೀಸ್, 8 ಓಮ್ ಅಡ್ಡ. ಅಷ್ಟು ಹೊತ್ತಿಗೆ ಪವರ್ ಮೂರ್ನಾಲ್ಕು ವ್ಯಾಟಿಗೆ ಇಳಿದಿರುತ್ತೆ, 10 ವ್ಯಾಟಿನ ರೆಸಿಸ್ಟರ್ ಸಾಕು. 12 ಇಲ್ಲದೆ ಬರೀ 6 ಬರೋ ಹಾಗೆ ವೈರ್ ಮಾಡಬೇಡಿ, ಸುಡುತ್ತೆ. ನಾನು ಸ್ವಿಚ್ ಹಾಕಿಲ್ಲ, 12ಕ್ಕೊಂದು 18ಕ್ಕೊಂದು ಬೇರೆ ಬೇರೆ ಜಾಕ್. ಗುಜರಿಯಲ್ಲಿ ಸಿಕ್ಕ ಹಳೇ ಯುಪಿಎಸ್‌ನ ಹೀಟ್ ಸಿಂಕ್, ಕಂಪ್ಯೂಟರ್ ಫ್ಯಾನ್, ಅಡಿಗೆ ಒಂದು ಕಡಪಾ ಕಲ್ಲಿನ ತುಂಡು. ಒಟ್ಟು 2,900 ಆಸುಪಾಸು.

ಮೊದಲ ದಿನ ಕೇಳಿದಾಗ ಮಂಕಾಗಿತ್ತು. ರೆಸಿಸ್ಟರ್ ನಡುವೆ ಬಂದರೆ ಸ್ಪೀಕರ್‌ನ ಏರಿಳಿತ ಆಂಪಿಗೆ ಸರಿಯಾಗಿ ಕಾಣಲ್ಲ, ಮೇಲಾಗಿ ಸದ್ದು ಕಮ್ಮಿ ಆದಾಗ ಕಿವಿಗೇ ಬಾಸು, ಟ್ರೆಬಲ್ಲು ಕಮ್ಮಿ ಕೇಳುತ್ತೆ. 6 ಓಮ್‌ಗೆ ಅಡ್ಡ ಒಂದು ನಾನ್-ಪೋಲಾರ್ ಕೆಪ್ಯಾಸಿಟರ್, ಅದಕ್ಕೆ ಸೀರೀಸ್‌ನಲ್ಲಿ ಒಂದು ಸಣ್ಣ ರೆಸಿಸ್ಟರ್ ಹಾಕಿದ ಮೇಲೆ ಜೀವ ಬಂತು. ಎರಡರ ವ್ಯಾಲ್ಯೂ, ಅಂದರೆ ಎಷ್ಟು ಮೈಕ್ರೋಫ್ಯಾರಡ್, ಎಷ್ಟು ಓಮ್ ಅಂತ ಹೇಳಲ್ಲ. ಆರೇಳು ಕೆಪ್ಯಾಸಿಟರ್ ಕೊಂಡು, ಹಾಕಿ, ಕಿತ್ತು ಕಂಡುಕೊಂಡಿದ್ದು. ನಿಮ್ಮ ಸ್ಪೀಕರ್‌ಗೆ ನೀವೇ ಹುಡುಕಿ. ಬರೀ ಕೆಪ್ಯಾಸಿಟರ್ ಮಾತ್ರ ಹಾಕಬೇಡಿ, ಹೈ ಫ್ರೀಕ್ವೆನ್ಸಿಯಲ್ಲಿ ಲೋಡಿನ ಓಮ್ ತೀರಾ ಕೆಳಗಿಳಿಯುತ್ತೆ.

ಇನ್ನು ಮಾಸ್ಟರ್ ಎಲ್ಲಿಡಬೇಕು? ಎಲ್ಲರೂ ತಪ್ಪೋದು ಇಲ್ಲೇ, ನಾನೂ ತಪ್ಪಿದ್ದೆ. ಅಟೆನ್ಯುಯೇಟರ್ ಇದೆ ಅಂತ ಮಾಸ್ಟರ್ ಹತ್ತಕ್ಕೆ ಏರಿಸಿದೆ. ಕ್ಲಾಸಿಕ್ ರಾಕ್‌ಗೆ ಅದು ಸರಿ. ಹೈ ಗೇನ್‌ನಲ್ಲಿ ಪ್ರೀಆಂಪ್ ಆಗಲೇ ಒಡೆದಿರುತ್ತೆ, ಅದರ ಮೇಲೆ ಪವರ್ ಸೆಕ್ಷನ್ನೂ ಒಡೆದರೆ ಕೆಳಗಿನ ತಂತಿ ಜೋಳದ ಗಂಜಿ. ಪಾಮ್ ಮ್ಯೂಟ್ ಮಾಡಿದರೆ, ಅಂದರೆ ಅಂಗೈಯಲ್ಲಿ ತಂತಿ ಅದುಮಿ ಬಾರಿಸಿದರೆ, ಟಕ್ ಟಕ್ ಅನ್ನೋ ಬದಲು ಬುಸ್ ಬುಸ್. ನನ್ನ ಆಂಪಲ್ಲಿ ಸರಿಯಾದ ಜಾಗ ಮೂರು, ಹೆಚ್ಚೆಂದರೆ ಮೂರೂವರೆ. ಗೇನ್ ಎಂಟರಿಂದ ಐದಕ್ಕೆ ಇಳಿಸಿದೆ. ಇಲ್ಲಿ ಅಟೆನ್ಯುಯೇಟರ್ ಕೆಲಸ ಪವರ್ ವಾಲ್ವ್ ಒಡೆಸೋದಲ್ಲ. ಮಾಸ್ಟರ್ ಉಸಿರಾಡೋ ಜಾಗಕ್ಕೆ ಬರೋಕೆ ದಾರಿ ಬಿಡೋದು. ರಾತ್ರಿ 18ರ ಜಾಕ್, ಹಗಲು 12ರದು, ಸಣ್ಣ ಪುಟ್ಟ ಏರಿಳಿತಕ್ಕೆ ಮಾಸ್ಟರ್. ಫೋನ್ ಆಪ್‌ನಲ್ಲಿ ಒಂದು ಮೀಟರ್ ದೂರಕ್ಕೆ 90 ಡಿಬಿ ಆಸುಪಾಸು ತೋರಿಸುತ್ತೆ. ವಿಂಟೇಜ್ 30 ಬರೀ 1 ವ್ಯಾಟಿಗೆ 100 ಡಿಬಿ ಕೊಡೋ ಸ್ಪೀಕರ್, ಆದ್ದರಿಂದ 1 ವ್ಯಾಟ್ ಅಂದರೆ ಪಿಸುಮಾತು ಅಂತ ತಿಳ್ಕೋಬೇಡಿ.

ಹುಡುಗರು ನಂಬಲಿಲ್ಲ. ಅವರಿಗೆ ಗೋಡೆ ಕಡೆ ಮುಖ ಮಾಡಿಸಿ ನಿಲ್ಲಿಸಿದೆ. ಒಂದು ಸಲ ಬರೀ ಮಾಸ್ಟರ್ ಇಳಿಸಿ, ಒಂದು ಸಲ ಪ್ಯಾಡ್ ಹಾಕಿ, ಆಪ್‌ನಲ್ಲಿ ಸದ್ದು ಒಂದೇ ಮಾಡಿ ಬಾರಿಸಿದೆ. ಐದು ಸಲಕ್ಕೆ ಐದು ಸಲವೂ ಪ್ಯಾಡ್ ಯಾವುದು ಅಂತ ಹೇಳಿದರು. "ಇದರಲ್ಲಿ ತಂತಿ ಕೇಳುತ್ತಣ್ಣ" ಅಂದ ಬಾಸ್ ಬಾರಿಸೋ ಹುಡುಗ. ಮಾಡೆಲರ್ ಮಾತು ಅವತ್ತಿಗೆ ನಿಂತಿತು.

ಆದರೆ ಅವರದ್ದೂ ಅರ್ಧ ನಿಜ ಅಂದೆನಲ್ಲ. ಹೊಸಪೇಟೆಯ ಗೆಳೆಯನೊಬ್ಬನ ಹತ್ತಿರ ಪೀವಿ 6505 ಆಂಪ್ ಇದೆ, 120 ವ್ಯಾಟ್, ನಾಲ್ಕು 6ಎಲ್6 ಪವರ್ ವಾಲ್ವ್. ಅದಕ್ಕೂ ಪ್ಯಾಡ್ ಸಿಕ್ಕಿಸಿ ನೋಡಿದೆವು, ಪವರ್ ತೀರಾ ಏರಿಸದೆ. ಮಾಸ್ಟರ್ ತಿರುಗಿಸೋಕೆ ಸುಲಭ ಆಯಿತು ಅನ್ನೋದು ಬಿಟ್ಟರೆ ಸದ್ದಿನಲ್ಲಿ ವ್ಯತ್ಯಾಸ ಬಹಳ ಕಮ್ಮಿ. ಅಂಥ ಆಂಪಿಗೆ ನಾನಾದರೆ ದುಡ್ಡು ಹಾಕಲ್ಲ. ಎಫೆಕ್ಟ್ಸ್ ಲೂಪ್‌ನಲ್ಲಿ (ಪ್ರೀಆಂಪಿಗೂ ಪವರ್ ಸೆಕ್ಷನ್ನಿಗೂ ನಡುವಿನ ಜಾಕ್) ಒಂದು ಪಾಟ್ ಇರೋ ಡಬ್ಬಿ ಇಟ್ಟುಕೊಂಡರೆ ಮುಗಿಯಿತು.

ಇನ್ನೊಂದು ಆಟ ವೋಲ್ಟೇಜ್‌ದು. ಅಮೆರಿಕದ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ತನ್ನ ಮಾರ್ಷಲ್‌ಗೆ ವೇರಿಯಾಕ್ (ಕರೆಂಟಿನ ವೋಲ್ಟೇಜ್ ಏರಿಳಿಸೋ ಟ್ರಾನ್ಸ್‌ಫಾರ್ಮರ್) ಹಾಕಿ ವೋಲ್ಟೇಜ್ ಇಳಿಸ್ತಿದ್ದ. ನಾನೂ ವೈಂಡಿಂಗ್ ಅಂಗಡಿಯಿಂದ ಅಂಥದ್ದೇ ಒಂದು ಡಿಮ್ಮರ್‌ಸ್ಟ್ಯಾಟ್ ಎರವಲು ತಂದೆ. ಮೀಟರ್ ಹಿಡಿದು ನೋಡಿದರೆ ನಮ್ಮ ಗಲ್ಲಿಯಲ್ಲಿ ಬೇಸಿಗೆ ಸಂಜೆ 205 ವೋಲ್ಟ್, ರಾತ್ರಿ ಹನ್ನೊಂದಕ್ಕೆ 245. ಪುಕ್ಕಟೆ ವೇರಿಯಾಕ್! 205ರಲ್ಲಿ ಆಂಪ್ ಮೆತ್ತಗೆ, ಸುಲಭವಾಗಿ ಒಡೆಯುತ್ತೆ, ಆದರೆ ವಾಲ್ವ್ ಕಾಯಿಸೋ ಹೀಟರಿಗೆ 6.3ರ ಬದಲು 5.6 ವೋಲ್ಟ್. ವಾಲ್ವ್‌ಗೆ ಒಳ್ಳೇದಲ್ಲ. ಡಿಮ್ಮರ್‌ಸ್ಟ್ಯಾಟ್ ವಾಪಸ್ ಕೊಟ್ಟು ಸ್ಟೆಬಿಲೈಜರ್ ಹಾಕಿದೆ, ಎರಡು ಸಾವಿರದ ಚಿಲ್ಲರೆ.

ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಪ್ಯಾಡ್ ಮುಟ್ಟೋಕಾಗಲ್ಲ. ಆಂಪಿಂದ ಬರೋ ಪವರ್‌ನಲ್ಲಿ ಮುಕ್ಕಾಲು ಭಾಗ ಆ 6 ಓಮ್‌ನಲ್ಲೇ ಬಿಸಿಯಾಗಿ ಹೋಗುತ್ತೆ. ಕಾದು ಆರಿ ಕಾದು ಆರಿ ರೆಸಿಸ್ಟರ್‌ನ ಸ್ಕ್ರೂ ಸಡಿಲ ಆಗುತ್ತೆ. ತಿಂಗಳಿಗೊಮ್ಮೆ ಬಿಚ್ಚಿ, ಹೀಟ್ ಸಿಂಕ್ ಪೇಸ್ಟ್ ಒಣಗಿದ್ದರೆ ಒರೆಸಿ ಹೊಸದು ಹಚ್ಚಿ, ಬಿಗಿ ಮಾಡ್ತೀನಿ. ಹೋದ ತಿಂಗಳು ಒಂದು ಸ್ಕ್ರೂ ಬೆರಳಲ್ಲೇ ತಿರುಗಿತು.